ಬೀಜದಿಂದ ಆಕ್ಸಾಲಿಸ್ ಬೆಳೆಸಬೇಕಾ? ನಮ್ಮ ಪುಲ್ಲಂಪುರಚಿಯಿಂದಲೇ ಶುರು ಮಾಡಿ

ಆಕ್ಸಾಲಿಸ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ನರ್ಸರಿಯಲ್ಲಿ ಸಿಗುವ ನೇರಳೆ ಎಲೆಯ ಗಿಡ. ಆನ್‌ಲೈನ್‌ನಲ್ಲಿ ಆಕ್ಸಾಲಿಸ್ ಬೀಜ ಅಂತ ಹುಡುಕಿದರೂ ಅದರ ಫೋಟೋನೇ ಮೊದಲು ಬರುತ್ತದೆ. ಆದರೆ ಬೀಜ ಹಾಕಿ, ಮೊಳಕೆ ನೋಡಿ, ಹೂ ಬಿಡಿಸಿ, ಆ ಹೂವಿನಿಂದ ಮತ್ತೆ ಬೀಜ ಹಿಡಿದು ಪಕ್ಕದ ಮನೆಯವರಿಗೂ ಕೊಡಬೇಕು ಅನ್ನೋ ಆಸೆ ನಿಮಗಿದ್ದರೆ ಆ ನೇರಳೆ ಗಿಡದ ಹಿಂದೆ ಹೋಗಬೇಡಿ. ಅದು ಗಡ್ಡೆಯಿಂದ ಬೆಳೆಯುವ ಗಿಡ. ಬೀಜದಿಂದ ಸಲೀಸಾಗಿ ಬರುವ ಆಕ್ಸಾಲಿಸ್ ಬಹುಶಃ ನಿಮ್ಮ ಮನೆಯ ಕಾಂಪೌಂಡ್ ಬುಡದಲ್ಲೋ, ಕರಿಬೇವಿನ ಕುಂಡದ ಅಂಚಿನಲ್ಲೋ ಈಗಾಗಲೇ ಹೂ ಬಿಟ್ಟು ನಿಂತಿದೆ. ಅದೇ ಪುಲ್ಲಂಪುರಚಿ. ಕೆಲವು ಕಡೆ ಹುಳಿಸೊಪ್ಪು ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಆಕ್ಸಾಲಿಸ್ ಕಾರ್ನಿಕ್ಯುಲಾಟ.

ಇದನ್ನು ಕಳೆ ಅಂತ ಕಿತ್ತು ಬಿಸಾಡುವವರೇ ಜಾಸ್ತಿ. ನನಗೆ ಅದು ಬೇಜಾರು. ಹೃದಯದ ಆಕಾರದ ಮೂರು ಪುಟ್ಟ ಎಲೆ, ಐದು ಎಸಳಿನ ಅಚ್ಚ ಹಳದಿ ಹೂ, ವರ್ಷದ ಬಹುಪಾಲು ಹೂ ಬಿಡುವ ಗುಣ, ಜೊತೆಗೆ ತಂಬುಳಿಗೂ ಆಗುವ ಸೊಪ್ಪು. ದುಡ್ಡು ಕೊಟ್ಟು ತರುವ ಎಷ್ಟೋ ಗಿಡಗಳಲ್ಲಿ ಇಷ್ಟೆಲ್ಲ ಒಟ್ಟಿಗೆ ಸಿಗುವುದಿಲ್ಲ. ಅದಕ್ಕೆಂದೇ ಒಂದು ಕುಂಡ ಕೊಟ್ಟು ನೋಡಿ, ನೆಲದಲ್ಲಿ ತುಳಿತಕ್ಕೆ ಸಿಕ್ಕಿ ಬೆಳೆದ ಗಿಡವೇ ಇದು ಅಂತ ನಂಬುವುದು ಕಷ್ಟ ಆಗುತ್ತದೆ.

ಗಿಡ ಗುರುತಿಸುವುದು

ಮೂರೆಲೆಯ ಗಿಡಗಳು ಬೇಕಾದಷ್ಟಿವೆ. ಮೆಂತ್ಯಕ್ಕೂ ಮೂರೆಲೆ, ಹುಲ್ಲಿನ ನಡುವೆ ಹಳದಿ ಹೂ ಬಿಡುವ ಕೆಲವು ಬೇರೆ ಕಳೆಗಳಿಗೂ ಮೂರೆಲೆ. ಪುಲ್ಲಂಪುರಚಿಯಲ್ಲಿ ಪ್ರತಿ ಎಲೆಯ ತುದಿಯೂ ನಡುವೆ ಕಚ್ಚು ಬಿದ್ದ ಹಾಗೆ ಒಳಗೆ ಬಾಗಿರುತ್ತದೆ. ಕಾಂಡ ನೆಲಕ್ಕೆ ಹರಡಿ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಸಂಜೆ ಆಗುತ್ತಿದ್ದ ಹಾಗೆ ಎಲೆಗಳು ಕೆಳಕ್ಕೆ ಮಡಚಿಕೊಳ್ಳುತ್ತವೆ. ಎಲ್ಲಕ್ಕಿಂತ ಖಚಿತವಾದ ಗುರುತು ಅಂದರೆ ಕಾಯಿ, ಅದು ಬೆರಳುಗುರಿನಷ್ಟು ಉದ್ದದ ಬೆಂಡೆಕಾಯಿಯ ಹಾಗೆ ಐದು ಏಣು ಹೊತ್ತು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತದೆ.

ಗುಲಾಬಿ ಹೂ ಬಿಡುವ, ಎಲೆ ಸ್ವಲ್ಪ ದೊಡ್ಡದಾಗಿರುವ ಇನ್ನೊಂದು ಆಕ್ಸಾಲಿಸ್ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಅದರ ಪರಿಚಯ ಚೆನ್ನಾಗಿಯೇ ಇರುತ್ತದೆ. ನೋಡೋಕೆ ಬಹಳ ಚೆಂದ, ಆದರೆ ದಯವಿಟ್ಟು ಅದನ್ನು ತಂದು ನೆಲಕ್ಕೆ ನೆಡಬೇಡಿ. ಅದು ಮೂಲತಃ ಅಮೆರಿಕ ಖಂಡದಿಂದ ಬಂದದ್ದು. ಮಣ್ಣಿನೊಳಗೆ ಕಾಳಿನಷ್ಟು ಸಣ್ಣ ಮರಿಗಡ್ಡೆಗಳನ್ನು ರಾಶಿ ರಾಶಿ ಮಾಡುತ್ತದೆ, ಗಿಡ ಎಳೆದರೆ ಮೇಲಿನ ಎಲೆ ಮಾತ್ರ ಕೈಗೆ ಬಂದು ಮರಿಗಡ್ಡೆಗಳೆಲ್ಲ ಅಲ್ಲೇ ಉಳಿದು, ಮುಂದಿನ ಮಳೆಗೆ ಒಂದಿದ್ದ ಜಾಗದಲ್ಲಿ ಹತ್ತು ಎದ್ದಿರುತ್ತವೆ. ಅದರ ಮಣ್ಣನ್ನು ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ.

ಬೀಜ ಹಿಡಿಯುವ ಉಪಾಯ

ಇಲ್ಲೇ ಎಲ್ಲರೂ ಸೋಲುವುದು. ಕಾಯಿ ಬಲಿತು ಒಣಗಲಿ, ಆಮೇಲೆ ಕೀಳೋಣ ಅಂತ ಕಾದರೆ ಬರೀ ಸಿಪ್ಪೆ ಸಿಗುತ್ತದೆ. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಬೀಜಗಳು ಚಟಚಟ ಅಂತ ಹಾರುತ್ತವೆ, ಒಂದೆರಡು ಅಡಿ ಅಲ್ಲ, ಒಂದು ಮೀಟರಿಗಿಂತಲೂ ದೂರ. ಮುಖಕ್ಕೂ ಬಡಿಯುತ್ತವೆ. ಇದು ಹೇಗೆ ಅಂದರೆ, ಒಂದೊಂದು ಬೀಜದ ಸುತ್ತಲೂ ನೀರು ತುಂಬಿ ಬಿಗಿದ ಬಿಳಿ ಪೊರೆ ಇರುತ್ತದೆ. ಬಲಿತಾಗ ಆ ಪೊರೆ ಒಂದು ಕಡೆ ಸೀಳಿ, ಕ್ಷಣಾರ್ಧದಲ್ಲಿ ಒಳಭಾಗ ಹೊರಗೆ ಮಗುಚಿಕೊಂಡು ಬೀಜವನ್ನು ಕಾಯಿಯ ಸೀಳಿನಿಂದ ಹೊರಕ್ಕೆ ಚಿಮ್ಮಿಸುತ್ತದೆ. ಕಾಯಿ ಒಣಗಿ ಒಡೆಯುವುದಲ್ಲ, ಹಸಿಯಾಗಿದ್ದಾಗಲೇ ಸಿಡಿಯುವುದು. ಹಾಗಾಗಿ ಒಣಗುವ ತನಕ ಕಾಯುವುದರಲ್ಲಿ ಅರ್ಥವೇ ಇಲ್ಲ.

ಮಾಡಬೇಕಾದ್ದು ಇಷ್ಟು. ಕಾಯಿಯ ಬಣ್ಣ ಕಡು ಹಸಿರಿನಿಂದ ತಿಳಿ ಹಸಿರಿಗೆ, ಸ್ವಲ್ಪ ಹಳದಿಗೆ ತಿರುಗುವಾಗ, ಮೈ ಉಬ್ಬಿ ಒಳಗಿನ ಬೀಜದ ಸಾಲು ಹೊರಗಿನಿಂದಲೇ ಕಾಣುವ ಹಾಗಾದಾಗ, ಒಂದು ಕಾಗದದ ಕವರನ್ನು ಕೆಳಗಿನಿಂದ ಹಿಡಿದು ಕಾಯಿಗಳೆಲ್ಲ ಅದರೊಳಗೆ ಬರುವಂತೆ ಮಾಡಿ, ಆಮೇಲೆ ಕತ್ತರಿಯಿಂದ ತೊಟ್ಟು ಕತ್ತರಿಸಿ. ಮೊದಲು ಕವರ್, ಆಮೇಲೆ ಕತ್ತರಿ. ಕವರಿನ ಬಾಯಿ ಮಡಚಿ ಕ್ಲಿಪ್ ಹಾಕಿ ನೆರಳಿನಲ್ಲಿ ಇಡಿ. ಒಂದೆರಡು ದಿನದಲ್ಲಿ ಕವರಿನೊಳಗೇ ಪಟಪಟ ಸದ್ದು ಕೇಳುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಗಿಡದಲ್ಲೇ ಬಿಟ್ಟು ಹಿಡಿಯಬೇಕು ಅನ್ನುವವರು ಮದುವೆ ಮನೆಯಲ್ಲಿ ತಾಂಬೂಲಕ್ಕೆ ಕೊಡುವ ತೆಳು ಬಲೆಯ ಚೀಲವನ್ನು ಕಾಯಿಗಳ ಮೇಲೆ ಕಟ್ಟಿಬಿಡಬಹುದು, ಅದೂ ಚೆನ್ನಾಗಿ ಕೆಲಸ ಮಾಡುತ್ತದೆ.

ಸದ್ದು ನಿಂತ ಮೇಲೆ ಕವರ್ ಬಿಚ್ಚಿದರೆ ರಾಗಿಗಿಂತ ಸಣ್ಣ, ಚಪ್ಪಟೆಯಾದ ಕಂದು ಬೀಜಗಳು ಸಿಗುತ್ತವೆ. ಭೂತಗನ್ನಡಿಯಲ್ಲಿ ನೋಡಿ, ಮೈಮೇಲೆ ಅಡ್ಡ ಗೀರುಗಳಿರುತ್ತವೆ. ಕಂದು ಬಣ್ಣಕ್ಕೆ ಬಾರದ ಬೆಳ್ಳಗಿನವು ಎಳೆಯವು, ಬಿಟ್ಟುಬಿಡಿ. ಒಂದೇ ಗಿಡ ಇದ್ದರೂ ಪುಲ್ಲಂಪುರಚಿ ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ, ಜೋಡಿ ಗಿಡ ಹುಡುಕುವ ಕೆಲಸವೂ ಇಲ್ಲ. ಕಳೆನಾಶಕ ಹೊಡೆಯುವ ರಸ್ತೆ ಬದಿ, ಪಾರ್ಕಿನ ಹುಲ್ಲುಹಾಸಿನಿಂದ ಮಾತ್ರ ತರಬೇಡಿ.

ಬಿತ್ತನೆ

ಬೆಂಗಳೂರು, ಮೈಸೂರಿನ ಹವೆಗೆ ಹೆಚ್ಚುಕಡಿಮೆ ಯಾವಾಗ ಬಿತ್ತಿದರೂ ಹುಟ್ಟುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಜೋರು ಮಳೆ ಮುಗಿದು ಸೆಪ್ಟೆಂಬರ್ ಕೊನೆಗೆ ಬಿತ್ತುವುದು ಒಳ್ಳೆಯದು, ಇಲ್ಲದಿದ್ದರೆ ಬೀಜ ನೀರಿನ ಜೊತೆ ಕೊಚ್ಚಿ ಹೋಗುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯಲ್ಲಿ ಅಕ್ಟೋಬರಿನಿಂದ ಜನವರಿ ತನಕ ಸರಿಯಾದ ಕಾಲ. ಏಪ್ರಿಲ್ ಮೇ ತಿಂಗಳ ಅಲ್ಲಿನ ಬಿಸಿಲಿಗೆ ಎಳೆ ಸಸಿ ತಡೆಯುವುದಿಲ್ಲ.

ಮಣ್ಣಿಗೆ ಶ್ರೀಮಂತಿಕೆ ಬೇಕಿಲ್ಲ. ಜರಡಿ ಹಿಡಿದ ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಕೋಕೋಪೀಟ್ ಒಂದು ಪಾಲು, ಅಷ್ಟು ಸಾಕು. ಎರೆಗೊಬ್ಬರ ಹಾಕಲೇಬೇಕು ಅನ್ನಿಸಿದರೆ ಒಂದು ಹಿಡಿ. ಬಿತ್ತನೆಗೆ ಎರಡು ಮೂರು ಇಂಚು ಆಳದ ಟ್ರೇ ಆಗುತ್ತದೆ, ಹೋಟೆಲಿನಿಂದ ಪಾರ್ಸೆಲ್ ಬರುವ ಡಬ್ಬಿಗೆ ತಳದಲ್ಲಿ ತೂತು ಮಾಡಿದರೂ ಆಗುತ್ತದೆ. ಮಣ್ಣು ತುಂಬಿ, ಅಂಗೈಯಿಂದ ಮಟ್ಟ ಮಾಡಿ, ಮೊದಲೇ ನೀರು ಹಾಕಿ ಒದ್ದೆ ಮಾಡಿಕೊಳ್ಳಿ. ಬೀಜವನ್ನು ಚಿಟಿಕೆ ಒಣ ಮರಳಿನ ಜೊತೆ ಬೆರೆಸಿ ತೆಳುವಾಗಿ ಉದುರಿಸಿ, ಹಲಗೆ ತುಂಡಿನಿಂದ ಮೆಲ್ಲಗೆ ಒತ್ತಿ.

ಮಣ್ಣು ಮುಚ್ಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅವರೆ, ಬೆಂಡೆ ಹಾಕಿ ಅಭ್ಯಾಸ ಆದ ಕೈ ತಾನಾಗಿಯೇ ಮೇಲೊಂದು ಪದರ ಮಣ್ಣು ಎಳೆಯುತ್ತದೆ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಅರ್ಧ ಇಂಚು ಮಣ್ಣಿನಡಿ ಹೋದರೆ ಅದು ಸುಮ್ನೆ ಮಲಗಿಬಿಡುತ್ತದೆ, ಸತ್ತಿರುವುದಿಲ್ಲ, ಯಾವಾಗಲೋ ನೀವು ಆ ಮಣ್ಣನ್ನು ಕೆದಕಿದಾಗ ಏಳುತ್ತದೆ. ಹೊಸದಾಗಿ ಅಗೆದ ಪಾತಿಯಲ್ಲಿ ಯಾರೂ ಬಿತ್ತದೆಯೇ ಪುಲ್ಲಂಪುರಚಿ ತುಂಬಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನೀರನ್ನು ಮೇಲಿನಿಂದ ಸುರಿಯಬೇಡಿ. ಒಂದು ತಟ್ಟೆಯಲ್ಲಿ ಅರ್ಧ ಇಂಚು ನೀರು ಹಾಕಿ ಟ್ರೇಯನ್ನು ಅದರಲ್ಲಿ ಇಡಿ, ಮೇಲ್ಮೈ ಒದ್ದೆಯಾದ ಕೂಡಲೇ ತೆಗೆಯಿರಿ. ಮಧ್ಯೆ ಮಧ್ಯೆ ಸ್ಪ್ರೇ ಬಾಟಲಿಯಲ್ಲಿ ಮಂಜಿನ ಹಾಗೆ ಹೊಡೆದರೆ ಆಯಿತು. ಟ್ರೇಯನ್ನು ಬೆಳಕು ಚೆನ್ನಾಗಿರುವ, ನೇರ ಮಧ್ಯಾಹ್ನದ ಬಿಸಿಲು ಬೀಳದ ಜಾಗದಲ್ಲಿ ಇಡಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಕಾಣಬೇಕು. ಮೊದಲು ಬರುವುದು ಎರಡು ಸಣ್ಣ ದುಂಡು ಎಲೆ, ಮೂರೆಲೆಯ ಗುರುತು ಆಮೇಲಿನ ಎಲೆಯಲ್ಲಿ ಬರುತ್ತದೆ. ಬೇರೆ ಯಾವುದೋ ಹುಲ್ಲು ಹುಟ್ಟಿತು ಅಂತ ಆತುರಪಟ್ಟು ಕಿತ್ತು ಹಾಕಬೇಡಿ.

ಸಸಿಗಳು ಬುಡದಲ್ಲಿ ನೀರುನೀರಾಗಿ ಬಾಗಿ ಬಿದ್ದರೆ ಅದು ಬುಡ ಕೊಳೆಯುವ ರೋಗ. ನೀರು ಜಾಸ್ತಿ, ಗಾಳಿ ಕಡಿಮೆ, ಬಿತ್ತಿದ್ದು ದಟ್ಟ, ಈ ಮೂರರಲ್ಲಿ ಒಂದು ಕಾರಣ ಇರುತ್ತದೆ. ಬಿದ್ದವನ್ನು ತೆಗೆದು, ಮೇಲ್ಮಣ್ಣು ಸ್ವಲ್ಪ ಒಣಗಲು ಬಿಡಿ.

ಕುಂಡಕ್ಕೆ ದಾಟಿಸುವುದು, ಆಮೇಲಿನ ಆರೈಕೆ

ಮೂರು ನಾಲ್ಕು ಮೂರೆಲೆ ಬಂದಾಗ ಕುಂಡಕ್ಕೆ ದಾಟಿಸಿ. ತಡ ಮಾಡಬೇಡಿ, ಸಸಿ ಸಣ್ಣದಾಗಿದ್ದರೂ ಕೆಳಗೆ ತಾಯಿಬೇರು ಉದ್ದಕ್ಕೆ ಇಳಿದಿರುತ್ತದೆ. ಐಸ್‌ಕ್ರೀಂ ಕಡ್ಡಿಯಿಂದ ಸುತ್ತಲಿನ ಮಣ್ಣು ಸಮೇತ ಎತ್ತಿ ಇಡಿ. ಆರು ಇಂಚಿನ ಕುಂಡಕ್ಕೆ ನಾಲ್ಕು ಸಸಿ ಧಾರಾಳ. ಬಿತ್ತಿದ ಒಂದೂವರೆ ಎರಡು ತಿಂಗಳಲ್ಲಿ ಮೊದಲ ಹೂ ನೋಡಬಹುದು.

ತೂಗುಕುಂಡ ಈ ಗಿಡಕ್ಕೆ ಹೇಳಿ ಮಾಡಿಸಿದ ಜಾಗ ಅನ್ನುವುದು ನನ್ನ ಅಭಿಪ್ರಾಯ. ಕಾಂಡ ಹರಡಿ ಅಂಚಿನಿಂದ ಕೆಳಗೆ ಇಳಿಯುತ್ತದೆ, ತುಂಬಾ ಹೂ ಒಟ್ಟಿಗೆ ಕಾಣುತ್ತದೆ. ಅಗಲ ಬಾಯಿಯ ಮಣ್ಣಿನ ಬಟ್ಟಲೂ ಚೆನ್ನ. ಬಿಸಿಲಿನ ವಿಷಯ ಮಾತ್ರ ಸ್ವಲ್ಪ ಗಮನ ಕೊಡಿ, ಈ ಹೂ ಅರಳುವುದು ಬಿಸಿಲಿದ್ದಾಗ ಮಾತ್ರ, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ, ಸಂಜೆಗೂ ಮುಚ್ಚಿಕೊಳ್ಳುತ್ತದೆ. ಮೊಗ್ಗು ಬರುತ್ತಿದೆ ಆದರೆ ಹೂ ಅರಳುವುದೇ ಇಲ್ಲ ಅನ್ನುವವರ ಗಿಡ ಹೆಚ್ಚಾಗಿ ಬಾಲ್ಕನಿಯ ನೆರಳಲ್ಲಿ ಇರುತ್ತದೆ. ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು ಕೊಡಿ. ಬೆಳಗ್ಗೆ ಆಫೀಸಿಗೆ ಹೋಗಿ ಕತ್ತಲಾದ ಮೇಲೆ ಬರುವವರು ಪಾಪ, ಭಾನುವಾರವೇ ನೋಡಬೇಕು.

ನೀರು ಹಾಕಲು ಲೆಕ್ಕ ಇಟ್ಟುಕೊಳ್ಳುವುದಕ್ಕಿಂತ ಬೆರಳು ಇಟ್ಟು ನೋಡುವುದು ಮೇಲು, ಮೇಲಿನ ಅರ್ಧ ಇಂಚು ಒಣಗಿದ್ದರೆ ಹಾಕಿ. ಗೊಬ್ಬರ ಕಡಿಮೆಯೇ ಇರಲಿ. ಸಗಣಿ ಗೊಬ್ಬರ, ಹಿಂಡಿ ಅಂತ ಸುರಿದರೆ ಎಲೆ ದೊಡ್ಡದಾಗಿ, ಕಾಂಡ ಉದ್ದವಾಗಿ, ಹೂ ಕಡಿಮೆ ಆಗುತ್ತದೆ. ಗಿಡ ಜಡೆಗಟ್ಟಿ ನಡುವೆ ಬೋಳಾಗಿ ಕಂಡಾಗ ಕತ್ತರಿಯಿಂದ ಎರಡು ಇಂಚು ಎತ್ತರಕ್ಕೆ ಕತ್ತರಿಸಿಬಿಡಿ. ಕೆಲವೇ ವಾರದಲ್ಲಿ ಹೊಸ ಚಿಗುರು ತುಂಬಿಕೊಳ್ಳುತ್ತದೆ. ಕತ್ತರಿಸಿದ ಸೊಪ್ಪು ಅಡುಗೆಮನೆಗೆ.

ಒಂದು ಎಚ್ಚರಿಕೆ. ಈ ಕುಂಡವನ್ನು ಗುಲಾಬಿ, ಆರ್ಕಿಡ್, ಕ್ಯಾಕ್ಟಸ್ ಕುಂಡಗಳ ಪಕ್ಕ ಇಡಬೇಡಿ. ಬೀಜ ಹಾರುವ ದೂರ ಮೇಲೆ ಹೇಳಿದ್ದೇನಲ್ವಾ, ಮುಳ್ಳಿನ ನಡುವೆ ಹುಟ್ಟಿದ ಪುಲ್ಲಂಪುರಚಿಯನ್ನು ಕೀಳುವ ಕಷ್ಟ ಯಾರಿಗೂ ಬೇಡ. ನಾಲ್ಕೈದು ಕಾಯಿ ಬೀಜಕ್ಕೆ ಬಿಟ್ಟು ಉಳಿದವನ್ನು ಎಳೆಯದಾಗಿದ್ದಾಗಲೇ ಚಿವುಟಿ. ಹತ್ತಿರದ ಕುಂಡಗಳ ಮಣ್ಣಿನ ಮೇಲೆ ತೆಂಗಿನ ಸಿಪ್ಪೆಯ ಚೂರು ಹರಡಿದರೆ ಬೆಳಕು ಸಿಗದೆ ಬಿದ್ದ ಬೀಜ ಹುಟ್ಟುವುದಿಲ್ಲ.

ಕೀಟ, ರೋಗ, ಒಂದು ಚಿಟ್ಟೆ

ಎಲೆಯಡಿ ಕಿತ್ತಳೆ ಬಣ್ಣದ ಪುಡಿಯ ಚುಕ್ಕೆ ಕಂಡರೆ ತುಕ್ಕು ರೋಗ. ನೇರಳೆ, ಗುಲಾಬಿ ಆಕ್ಸಾಲಿಸ್‌ಗಳಲ್ಲಿ ಇದು ಜಾಸ್ತಿ. ಆ ಎಲೆಗಳನ್ನು ಕಿತ್ತು ಮನೆಯಿಂದ ಆಚೆ ಹಾಕಿ, ಎಲೆ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ. ಎಲೆ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಇದ್ದರೆ ಬೂದಿ ರೋಗ, ಗಾಳಿಯಾಡುವ ಜಾಗಕ್ಕೆ ಸರಿಸಿ, ಗಿಡ ಕತ್ತರಿಸಿ. ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಸಣ್ಣ ಬಿಳಿ ಚುಕ್ಕೆ ಬಿದ್ದರೆ ಕೆಂಪು ನುಸಿ ಇರಬಹುದು, ಎಲೆಯಡಿಗೆ ಎರಡು ದಿನಕ್ಕೊಮ್ಮೆ ಜೋರಾಗಿ ನೀರು ಹೊಡೆದರೆ ಬಹಳ ಮಟ್ಟಿಗೆ ಹೋಗುತ್ತದೆ.

ಆದರೆ ಎಲೆಯಲ್ಲಿ ತೂತು ಬಿದ್ದಿದೆ ಅಂತ ಬೇವಿನ ಎಣ್ಣೆ ಬಾಟಲಿ ಎತ್ತಿಕೊಳ್ಳುವ ಮೊದಲು ಬಗ್ಗಿ ನೋಡಿ. ಪೇಲ್ ಗ್ರಾಸ್ ಬ್ಲೂ ಅನ್ನುವ ಪುಟ್ಟ ಚಿಟ್ಟೆ ಮೊಟ್ಟೆ ಇಡುವುದು ಈ ಗಿಡದ ಮೇಲೆಯೇ. ಬೆರಳುಗುರಿನಷ್ಟು ಚಿಟ್ಟೆ, ರೆಕ್ಕೆ ಬಿಚ್ಚಿದರೆ ತಿಳಿ ನೀಲಿ, ಮಡಚಿದರೆ ಬೂದು ಬಣ್ಣದ ಮೇಲೆ ಕಪ್ಪು ಚುಕ್ಕೆ, ನೆಲಕ್ಕೆ ತಾಗುವ ಹಾಗೆ ತಗ್ಗಿನಲ್ಲೇ ಹಾರುತ್ತದೆ. ಅದರ ಮರಿಹುಳು ಎಲೆಯ ಬಣ್ಣವೇ, ಸುಲಭಕ್ಕೆ ಕಾಣುವುದಿಲ್ಲ. ಹುಳುವಿನ ಸುತ್ತ ಇರುವೆ ಓಡಾಡುತ್ತಿದ್ದರೆ ಗಾಬರಿ ಬೇಡ, ಹುಳು ಒಸರುವ ಸಿಹಿಗೆ ಬಂದಿರುತ್ತವೆ. ನಾಲ್ಕು ಎಲೆ ತಿಂದುಕೊಳ್ಳಲಿ ಬಿಡಿ. ಮಧ್ಯ ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಯಲ್ಲೂ ಒಂದು ಚಿಟ್ಟೆ ಸಂಸಾರ ಬೆಳೆಸಬಹುದು ಅಂದರೆ ಅದು ಈ ಗಿಡದಿಂದ ಸಾಧ್ಯ.

ಹಾಗಾದರೆ ನೇರಳೆ ಆಕ್ಸಾಲಿಸ್?

ಆಸೆ ಇದ್ದರೆ ಬೆಳೆಸಿ, ಯಾರು ಬೇಡ ಅಂದರು. ಅದು ಬ್ರೆಜಿಲ್ ಕಡೆಯ ಆಕ್ಸಾಲಿಸ್ ಟ್ರಯಾಂಗ್ಯುಲಾರಿಸ್. ಬೀಜ ಅಂತ ಮಾರುವ ಪ್ಯಾಕೆಟ್ ಬಿಚ್ಚಿದಾಗ ಮೈತುಂಬ ಪೊರೆಪೊರೆಯಾಗಿರುವ ಸಣ್ಣ ಗಡ್ಡೆಗಳು ಬಂದರೆ ನಿಮಗೆ ಒಳ್ಳೆಯ ಮಾಲೇ ಬಂದಿದೆ. ನೀಲಿ, ಕಾಮನಬಿಲ್ಲಿನ ಬಣ್ಣದ ಆಕ್ಸಾಲಿಸ್ ಬೀಜ ಅಂತ ಫೋಟೋ ಹಾಕಿದ್ದರೆ ಅದನ್ನು ಮುಟ್ಟಲೇಬೇಡಿ, ಆ ಬಣ್ಣ ಕಂಪ್ಯೂಟರಿನಲ್ಲಿ ಹಚ್ಚಿದ್ದು. ಗಡ್ಡೆಯನ್ನು ಒಂದು ಇಂಚು ಆಳಕ್ಕೆ ನೆಡಿ, ತಲೆ ಕೆಳಗಾದರೂ ಪರವಾಗಿಲ್ಲ, ಚಿಗುರು ದಾರಿ ಹುಡುಕಿಕೊಂಡು ಬರುತ್ತದೆ. ಆರು ಇಂಚಿನ ಕುಂಡಕ್ಕೆ ನಾಲ್ಕೈದು ಗಡ್ಡೆ. ಎರಡರಿಂದ ನಾಲ್ಕು ವಾರದಲ್ಲಿ ಎಲೆ ಬರುತ್ತದೆ. ಬೇಸಿಗೆಯಲ್ಲಿ ಎಲೆಗಳೆಲ್ಲ ಸೊರಗಿ ಬಿದ್ದುಹೋದರೆ ಗಿಡ ಸತ್ತಿತು ಅಂತ ಕುಂಡ ಖಾಲಿ ಮಾಡಬೇಡಿ. ಅದು ವಿಶ್ರಾಂತಿಗೆ ಹೋಗಿರುತ್ತದೆ. ನೀರು ನಿಲ್ಲಿಸಿ ನೆರಳಿಗೆ ಸರಿಸಿ, ಒಂದೆರಡು ತಿಂಗಳ ಮೇಲೆ ಮತ್ತೆ ನೀರು ಕೊಟ್ಟರೆ ಚಿಗುರುತ್ತದೆ. ಈ ಸಮಯದಲ್ಲಿ ನೀರು ಹಾಕುತ್ತಲೇ ಇದ್ದರೆ ಗಡ್ಡೆ ಕೊಳೆಯುತ್ತದೆ.

ಇದರ ಹೂವಿನಿಂದ ಬೀಜ ಯಾಕೆ ಆಗುವುದಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಹೂವಿನೊಳಗೇ ಇದೆ. ಅನೇಕ ಜಾತಿಯ ಆಕ್ಸಾಲಿಸ್‌ಗಳಲ್ಲಿ ಹೂ ಮೂರು ಬಗೆ. ಕೆಲವು ಗಿಡಗಳಲ್ಲಿ ಹೆಣ್ಣು ಭಾಗದ ತುದಿ ಎಲ್ಲ ಕೇಸರಗಳಿಗಿಂತ (ಪರಾಗ ಹೊತ್ತ ಗಂಡು ಎಳೆಗಳು) ಮೇಲಿರುತ್ತದೆ, ಕೆಲವದರಲ್ಲಿ ಎರಡು ಸುತ್ತು ಕೇಸರಗಳ ನಡುವೆ, ಇನ್ನು ಕೆಲವದರಲ್ಲಿ ಎಲ್ಲಕ್ಕಿಂತ ಕೆಳಗೆ. ತನ್ನದೇ ಬಗೆಯ ಹೂವಿನ ಪರಾಗ ಬಿದ್ದರೆ ಬೀಜ ಕಟ್ಟುವುದು ಅಪರೂಪ. ಚಾರ್ಲ್ಸ್ ಡಾರ್ವಿನ್ ಈ ಮೂರು ಬಗೆಯ ಹೂಗಳನ್ನು ಪರೀಕ್ಷೆ ಮಾಡಿ 1877ರಲ್ಲಿ ವಿವರವಾಗಿ ಬರೆದಿದ್ದಾರೆ. ಒಂದು ಗಡ್ಡೆಯಿಂದ ಮರಿ ಮಾಡಿ ಹಂಚಿದ ಗಿಡಗಳೆಲ್ಲ ಒಂದೇ ಬಗೆ, ಹಾಗಾಗಿ ಒಂದೇ ನರ್ಸರಿಯಿಂದ ಹತ್ತು ಕುಂಡ ತಂದರೂ ಪ್ರಯೋಜನ ಇಲ್ಲ. ಬೇರೆ ಬೇರೆ ಊರಿನ ಗೆಳೆಯರ ಹೂವಿನ ಒಳಭಾಗದ ಫೋಟೋ ತರಿಸಿ, ಬೇರೆ ಬಗೆ ಕಂಡರೆ ಗಡ್ಡೆ ಬದಲಾಯಿಸಿಕೊಳ್ಳಿ. ಆಮೇಲೆ ಸಣ್ಣ ಪೇಂಟ್ ಬ್ರಷ್‌ನಿಂದ, ಒಂದರ ಕೇಸರ ಇನ್ನೊಂದರ ಹೆಣ್ಣು ಭಾಗದ ಎತ್ತರಕ್ಕೇ ಇದ್ದರೆ ಅದರ ಪರಾಗ ತೆಗೆದು ಹಚ್ಚಿ ನೋಡಬಹುದು.

ದಕ್ಷಿಣ ಆಫ್ರಿಕಾದ ಆಕ್ಸಾಲಿಸ್‌ಗಳ ಕಥೆ ಇನ್ನೂ ಬೇರೆ. ಅಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿ ಇವೆ. ಅವುಗಳಲ್ಲಿ ಎಷ್ಟೋ ಜಾತಿಯ ಬೀಜಗಳು ನೆಲಕ್ಕೆ ಬಿದ್ದ ಕೂಡಲೇ ಮೊಳೆಯುವಂಥವು, ಪ್ಯಾಕೆಟ್ಟಿನಲ್ಲಿ ತಿಂಗಳುಗಟ್ಟಲೆ ಇಡಲು ಬರುವುದಿಲ್ಲ.

ತಿನ್ನುವ ವಿಷಯ

ತಂಬುಳಿಗೆ ಒಂದು ಹಿಡಿ ಎಲೆ ತೊಳೆದು, ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆ ಉಪ್ಪು ಬೆರೆಸಿ, ಮೇಲೊಂದು ಒಗ್ಗರಣೆ. ಎಲೆಗೇ ಹುಳಿ ಇರುವುದರಿಂದ ಮಜ್ಜಿಗೆ ಸಿಹಿಯಾಗಿರಲಿ. ಧಾರೆಹುಳಿ, ಬಿಂಬುಳಿ ಎರಡೂ ಇದೇ ಕುಟುಂಬದ ಮರಗಳು, ರುಚಿಯಲ್ಲೇ ಗೊತ್ತಾಗುತ್ತದೆ. ಆ ಹುಳಿ ಆಕ್ಸಾಲಿಕ್ ಆಮ್ಲದ್ದು. ಅದಕ್ಕೇ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇದನ್ನು ಬೇಯಿಸಬೇಡಿ. ಆ ಪಾತ್ರೆ ಉಜ್ಜಿ ಹೊಳಪು ಬರಿಸಲು ಮಾತ್ರ ಇದೇ ಸೊಪ್ಪು ಒಳ್ಳೆಯದು.

ಕಿಡ್ನಿ ಕಲ್ಲು ಆದವರು, ಕಿಡ್ನಿ ತೊಂದರೆ ಇರುವವರು ಈ ಸೊಪ್ಪು ತಿನ್ನುವುದೇ ಬೇಡ. ಉಳಿದವರೂ ಯಾವಾಗಲೋ ಒಮ್ಮೆ, ಮಿತವಾಗಿ. ಮನೆಯಲ್ಲಿ ಬೆಕ್ಕು, ನಾಯಿ ಗಿಡ ಕಚ್ಚುವ ಅಭ್ಯಾಸದವಾದರೆ ಕುಂಡವನ್ನು ಎತ್ತರಕ್ಕೆ ತೂಗುಹಾಕಿ. ಕುರಿ, ದನಗಳು ಒಂದೇ ಸಲಕ್ಕೆ ತುಂಬಾ ಮೇಯ್ದರೂ ಅಪಾಯ.

ಉಳಿದ ಬೀಜವನ್ನು ಕಾಗದದ ಪೊಟ್ಟಣ ಕಟ್ಟಿ, ತಿಂಗಳು ವರ್ಷ ಬರೆದು, ತೇವ ತಾಗದ ಡಬ್ಬಿಯಲ್ಲಿ ಇಡಿ. ಯಾರಿಗಾದರೂ ಕೊಡುವಾಗ ಬೀಜದ ಜೊತೆ ಎರಡು ಮಾತು ಹೇಳಿ ಕೊಡಿ: ಮಣ್ಣು ಮುಚ್ಚಬಾರದು, ಕ್ಯಾಕ್ಟಸ್ ಪಕ್ಕ ಇಡಬಾರದು.